ಗಂಟಕ್ಕ ಹೊಲಿದ ಬಲೆ

ಮೊದಲೇ ಹೇಳಿಬಿಡುತ್ತೇನೆ, ಆ ಬಲೆಗೆ ಸಹಿ ಹಾಕುತ್ತಿದ್ದವನು ನಾನು. ಪ್ರತಿ ತಿಂಗಳ ಮೊದಲ ಸೋಮವಾರ ಕಟ್ಟಡದ ಬುಡದಲ್ಲಿ ನಿಂತು, ಬಿಸಿಲಿಗೆ ಕೈ ಅಡ್ಡ ಹಿಡಿದು, ಏಳನೇ ಮಹಡಿಯ ಅಂಚಿನಿಂದ ಹೊರಚಾಚಿ ಕಟ್ಟಿದ್ದ ಹಸಿರು ಬಲೆಯನ್ನು ಕತ್ತೆತ್ತಿ ನೋಡುತ್ತಿದ್ದೆ. ನೋಡಿ, 'ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಗೀಚುತ್ತಿದ್ದೆ. ಏಳು ಮಹಡಿ ಕೆಳಗೆ ನಿಂತು ನೋಡಿದರೆ ಎಲ್ಲವೂ ಸುಸ್ಥಿತಿಯಲ್ಲೇ ಇರುತ್ತದೆ. ನನ್ನದು ಬಿಳಿ ಹೆಲ್ಮೆಟ್, ದೊಡ್ಡ ಕಂಪನಿಯ ಸಂಬಳ, ಎಲ್ಲರ ಬಾಯಲ್ಲಿ ನಾನು ಸೇಫ್ಟಿ ಸರ್. ಈ ಕಥೆ ಗಂಟಕ್ಕನದು, ನನ್ನದಲ್ಲ. ಆದರೆ ನನ್ನನ್ನು ಬಿಟ್ಟು ಹೇಳಿದರೆ ಅದು ಸುಳ್ಳಾಗುತ್ತದೆ.

ಗಂಟಕ್ಕನ ಕೆಲಸ ಹರಿದ ಬಲೆ ಹೊಲಿಯುವುದು. ಅಂಥದೊಂದು ಕೆಲಸ ಇರಲೇಬಾರದು. ಮೇಲಿನಿಂದ ಮನುಷ್ಯ ಬಿದ್ದರೆ ಹಿಡಿಯಲೆಂದು ಕಟ್ಟುವ ಬಲೆ ಅದು. ಹರಿದರೆ ಬಿಚ್ಚಿ ಬಿಸಾಡಬೇಕು, ಹೊಸದು ಕಟ್ಟಬೇಕು, ಮುಗಿಯಿತು. ನಮ್ಮಲ್ಲಿ ಮುಗಿಯುತ್ತಿರಲಿಲ್ಲ. ದೊಡ್ಡ ಕಂಪನಿ ಕಾಂಕ್ರೀಟ್ ಕೆಲಸವನ್ನೆಲ್ಲ ಒಬ್ಬ ಕಾಂಟ್ರಾಕ್ಟರಿಗೆ ವಹಿಸಿತ್ತು. ಅವನು ಕಾಂಕ್ರೀಟಿಗೆ ಅಚ್ಚು ಕಟ್ಟುವ ಸೆಂಟ್ರಿಂಗ್ ಕೆಲಸವನ್ನು ಇನ್ನೊಬ್ಬನಿಗೆ ದಾಟಿಸಿದ. ಆ ಇನ್ನೊಬ್ಬ ಕಟ್ಟಡದ ಪೂರ್ವದ ಬದಿಯನ್ನಷ್ಟೇ ಕತ್ತರಿಸಿ ಮತ್ತೊಬ್ಬನ ಕೈಗಿಟ್ಟ. ಬಲೆ ಯಾರು ತರಬೇಕು ಎಂದು ಕೇಳಿದರೆ ಮೇಲಿನವನು ಕೆಳಗಿನವನ ಕಡೆ ಬೆರಳು ತೋರಿಸುತ್ತಿದ್ದ. ಹಾಗೆ ಬೆರಳು ಇಳಿದು ಇಳಿದು ಕೊನೆಗೆ ನಿಲ್ಲುತ್ತಿದ್ದದ್ದು ಪೂರ್ವದ ಬದಿಯ ಸಣ್ಣ ಕಾಂಟ್ರಾಕ್ಟರನ ಮುಂದೆ. ಅವನಿಗೆ ಕೆಲಸಗಾರರು ಇಟ್ಟ ಹೆಸರು ನೋಡೋಣಪ್ಪ. ಕುಡಿಯುವ ನೀರಿಲ್ಲ ಅಂದರೂ ನೋಡೋಣಪ್ಪ, ಏಣಿಯ ಮೆಟ್ಟಿಲು ಮುರಿದಿದೆ ಅಂದರೂ ನೋಡೋಣಪ್ಪ. ಅವನು ನೋಡಿದ್ದನ್ನು ಯಾರೂ ನೋಡಿರಲಿಲ್ಲ.

ಗಂಟಕ್ಕನ ಅಪ್ಪ ಹಗ್ಗದ ಮಂಚ ಹೆಣೆಯುತ್ತಿದ್ದವನು. ಮಾತು ಕಲಿಯುವ ಮೊದಲೇ ಗಂಟು ಹಾಕುವುದನ್ನು ಕಲಿತೆ ಎನ್ನುತ್ತಿದ್ದಳು. ಮಾತಿನಲ್ಲೂ ಅವಳೇನು ಹಿಂದೆ ಬಿದ್ದವಳಲ್ಲ. ಮದುವೆಯಾಗಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು ಎಂಟು ವರ್ಷ ಜಲ್ಲಿ ಹೊತ್ತಳು, ಆಮೇಲೆ ಸೊಂಟ ಕೈಕೊಟ್ಟಿತು. ಒಂದು ದಿನ ಊಟದ ಹೊತ್ತಿನಲ್ಲಿ ಕೈ ಸುಮ್ಮನಿರದೆ, ಮೂಲೆಯಲ್ಲಿ ಬಿದ್ದಿದ್ದ ಬಲೆಯ ತೂತನ್ನು ನೈಲಾನ್ ದಾರದಿಂದ ಹೆಣೆದು ಮುಚ್ಚಿದಳು. ಅದು ನೋಡೋಣಪ್ಪನ ಕಣ್ಣಿಗೆ ಬಿತ್ತು. ಅವತ್ತಿಗೆ ಅವಳ ಜಲ್ಲಿ ಹೊರುವ ಕೆಲಸ ನಿಂತಿತು, ಅವನ ಹೊಸ ಬಲೆ ತರುವ ಕೆಲಸವೂ ನಿಂತಿತು.

ಆಮೇಲೆ ಹನ್ನೊಂದು ವರ್ಷ. ಒಂದು ಕಟ್ಟಡ ಮುಗಿದು ಇನ್ನೊಂದಕ್ಕೆ ಹೋದರೂ ಬಲೆಗಳು ಅವೇ, ಹೊಲಿಯುವವಳು ಅವಳೇ. ನೆಲಮಹಡಿಯಲ್ಲಿ, ಹೊರ ಅಂಚಿನ ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಸಿಮೆಂಟ್ ಚೀಲ ಹಾಸಿಕೊಂಡು ಕೂರುತ್ತಿದ್ದಳು. ವೆಲ್ಡಿಂಗ್ ಕಿಡಿ ಬಿದ್ದು ಸುಟ್ಟ ತೂತು, ಮೊಳೆಯಿದ್ದ ಹಲಗೆ ಬಿದ್ದು ಸೀಳಿದ ತೂತು, ಕಾಂಕ್ರೀಟ್ ಹೆಂಟೆ ಬಿದ್ದು ಜಗ್ಗಿದ ಕಣ್ಣುಗಳು, ಎಲ್ಲವೂ ಅವಳ ಮಡಿಲಿಗೇ ಬರುತ್ತಿದ್ದವು. ಹೆಬ್ಬೆರಳಿನಿಂದ ಒಂದೊಂದೇ ಕಣ್ಣನ್ನು ಅಳೆದು, ಹಳೆಯದರ ಅಳತೆಗೆ ಸರಿಯಾಗಿ, ಅದೇ ಹಸಿರು ದಾರದಲ್ಲಿ ಹೆಣೆಯುತ್ತಿದ್ದಳು. ಮುಗಿದ ಮೇಲೆ ತೂತು ಎಲ್ಲಿತ್ತು ಎಂದು ಅವಳನ್ನೇ ಕೇಳಬೇಕಿತ್ತು. ಮೆಚ್ಚಿ ತಲೆದೂಗಿದವರಲ್ಲಿ ನಾನೂ ಒಬ್ಬ, ನಾಚಿಕೆಯಿಲ್ಲದವನು.

ಪೂರ್ವದ ಬದಿಯ ಸೆಂಟ್ರಿಂಗ್ ತಂಡದಲ್ಲಿ ಹನ್ನೊಂದು ಜನ. ಅವರ ಮೇಸ್ತ್ರಿ ಗಂಟಕ್ಕನ ಗಂಡನೇ. ಈ ಹನ್ನೊಂದು ಜನ ಮಾಡುತ್ತಿದ್ದ ತಪ್ಪನ್ನು ಬೇರೆ ಯಾರೂ ಮಾಡಲಾರರು. ಕಂಪನಿಯ ಯಾವ ವಸ್ತುವನ್ನೂ ಅವರು ನಂಬುತ್ತಿರಲಿಲ್ಲ. ಲಿಫ್ಟನ್ನು ನಂಬುತ್ತಿರಲಿಲ್ಲ, ಕೊಟ್ಟ ಬೆಲ್ಟನ್ನು ನಂಬುತ್ತಿರಲಿಲ್ಲ, ಬೆಳಗ್ಗೆ ನಾನು ಮಾಡುತ್ತಿದ್ದ ಹತ್ತು ನಿಮಿಷದ ಭಾಷಣವನ್ನಂತೂ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಕೆಳಗಿನ ಬಲೆಯನ್ನು ಮಾತ್ರ ನಂಬುತ್ತಿದ್ದರು. ಯಾಕೆಂದರೆ ಅದನ್ನು ಹೊಲಿದ ಕೈ ಯಾರದೆಂದು ಅವರಿಗೆ ಗೊತ್ತಿತ್ತು. ಬಲೆ ಇದ್ದ ಕಡೆ ಸೊಂಟದ ಬೆಲ್ಟಿನ ಕೊಂಡಿಯನ್ನು ಹಗ್ಗಕ್ಕೆ ಸಿಕ್ಕಿಸುತ್ತಲೇ ಇರಲಿಲ್ಲ.

"ಕೊಂಡಿ ಹಾಕಿ, ಕೊಂಡಿ ತೆಗಿ, ಎರಡು ಹೆಜ್ಜೆಗೊಂದ್ಸಲ. ಕಟ್ಟಿಹಾಕಿದ ಎಮ್ಮೆ ಥರ ಕೆಲಸ ಮಾಡೋಕಾಗುತ್ತಾ ಸರ್?" ಎಂದು ಮೇಸ್ತ್ರಿ ನನ್ನನ್ನೇ ಕೇಳುತ್ತಿದ್ದ. "ಕೆಳಗೆ ನಮ್ಮನೆಯವಳ ಗಂಟಿದೆ. ಬಿದ್ರೂ ಮನೆಯವಳ ಮಡಿಲಿಗೆ ಬಿದ್ದ ಹಾಗೆ."

ಉಳಿದ ಹತ್ತು ಜನ ನಗುತ್ತಿದ್ದರು. ನಾನೂ ನಕ್ಕು, ಕೊಂಡಿ ಹಾಕಿಕೊಳ್ಳಿ ಎಂದು ಬಾಯಿ ಮಾತಿಗೆ ಹೇಳಿ ಇಳಿಯುತ್ತಿದ್ದೆ.

ಒಂದು ಮಂಗಳವಾರ ಬೆಳಗ್ಗೆ ಒಂಬತ್ತನೇ ಮಹಡಿಯಿಂದ ಕಬ್ಬಿಣದ ಆಸರೆಕಂಬವೊಂದು ಜಾರಿತು. ಎಂಟು ಕೆಜಿಯೋ ಒಂಬತ್ತು ಕೆಜಿಯೋ ಇರಬೇಕು. ಬಲೆಯ ಮೇಲೆ ಬಿತ್ತು, ಒಂದು ಕ್ಷಣವೂ ನಿಲ್ಲದೆ ಅದನ್ನು ಸೀಳಿಕೊಂಡು ಬಂದು ಮೆಟ್ಟಿಲ ಸಂದಿಯ ಎದುರಿಗೇ ನೆಲಕ್ಕೆ ನೆಟ್ಟುಕೊಂಡಿತು. ಗಂಟಕ್ಕನ ಕಾಲಿಗೂ ಅದಕ್ಕೂ ಒಂದು ಮೊಳ ಅಂತರ. ನಾನು ಓಡಿ ಬಂದಾಗ ಅವಳು ಕಿರುಚುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಬಲೆಯ ಹರಿದ ತುಂಡೊಂದು ಕಂಬಕ್ಕೆ ಸುತ್ತಿಕೊಂಡು ಬಂದಿತ್ತು, ಅದನ್ನು ಬಿಡಿಸಿ ನೋಡುತ್ತಿದ್ದಳು.

"ಸರ್, ಇಲ್ಲಿ ನೋಡಿ."

ಅವಳ ಗಂಟು ಗಟ್ಟಿಯಾಗಿಯೇ ಇತ್ತು. ಹರಿದದ್ದು ಗಂಟಿನ ಪಕ್ಕದ ಹಳೆಯ ಹುರಿ. ಅವಳು ಆ ಹುರಿಯನ್ನು ಎರಡು ಬೆರಳಲ್ಲಿ ಹಿಡಿದು ತಿಕ್ಕಿದಳು. ಹುಡಿ ಹುಡಿಯಾಗಿ ಉದುರಿತು. ಹನ್ನೊಂದು ವರ್ಷದ ಬಿಸಿಲು ತಿಂದ ದಾರ.

"ಇದು ಸತ್ತು ಯಾವ ಕಾಲ ಆಯ್ತೋ," ಎಂದಳು. "ನಾನು ಹೆಣಕ್ಕೆ ಹೊಲಿಗೆ ಹಾಕ್ತಾ ಕೂತಿದೀನಿ. ಗಂಡನ್ನ ಇದರ ಮೇಲೆ ಬಿಟ್ಟಿದೀನಿ."

ಅವತ್ತಿನಿಂದ ಅವಳಿಗೆ ಒಂದೇ ಹಟ ಹಿಡಿಯಿತು. ಇನ್ನು ಹದಿನೈದು ದಿನಕ್ಕೆ ತಂಡ ಒಂಬತ್ತನೇ ಮಹಡಿಯ ಬಾಲ್ಕನಿಗಳಿಗೆ ಅಚ್ಚು ಕಟ್ಟಬೇಕಿತ್ತು. ಅಂದರೆ ಸ್ಲ್ಯಾಬಿನ ಅಂಚು ದಾಟಿ, ಹೊರಚಾಚಿದ ಹಲಗೆಗಳ ಮೇಲೆ ನಿಂತು ಕೆಲಸ. ಅಷ್ಟರೊಳಗೆ ಕೆಳಗೆ ಹೊಸ ಬಲೆ ಬರಬೇಕು, ಇಲ್ಲವೇ ಅವರು ಹಳೆಯದನ್ನು ನಂಬುವುದನ್ನು ಬಿಡಬೇಕು. ಎರಡರಲ್ಲಿ ಒಂದು ಆಗದಿದ್ದರೆ ಹನ್ನೊಂದು ಜನರಲ್ಲಿ ಒಬ್ಬ ಹೋಗುತ್ತಾನೆ, ಆ ಒಬ್ಬ ತನ್ನ ಗಂಡನೂ ಆಗಬಹುದು. ಇದು ಅವಳ ಲೆಕ್ಕ. ಈ ಲೆಕ್ಕದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ನೋಡೋಣಪ್ಪ ನೋಡೋಣ ಎಂದ. ಅಲ್ಲಿಂದ ನೇರ ನನ್ನ ಬಳಿಗೆ ಬಂದಳು. ನನ್ನ ಕೋಣೆ ತಗಡಿನದೇ ಆದರೂ ಫ್ಯಾನ್ ಇತ್ತು, ಗೋಡೆಯ ಮೇಲೆ 'ನಿಮ್ಮ ಸುರಕ್ಷತೆ ನಿಮ್ಮ ಕೈಯಲ್ಲಿ' ಎಂಬ ಬೋರ್ಡಿತ್ತು.

"ಹೊಸ ಬಲೆ ಇದೆಯಲ್ಲ ಸರ್ ನಿಮ್ಮ ಸ್ಟೋರಲ್ಲಿ," ಎಂದಳು. "ಹದಿನಾಲ್ಕು ಕಟ್ಟು. ನಾನೇ ಎಣಿಸಿದೀನಿ."

ಇತ್ತು. ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಸುಳ್ಳು ಹೇಳಿದೆ, ಒಂದು ಸಲ ಬಿಚ್ಚಿದ್ದೆವು. ಮುಖ್ಯ ಕಚೇರಿಯಿಂದ ದೊಡ್ಡವರು ನೋಡಲು ಬಂದ ದಿನ ಎದುರಿನ ಬದಿಗೆ ಕಟ್ಟಿ, ಅವರ ಕಾರುಗಳು ಹೋದ ಮೇಲೆ ಬಿಚ್ಚಿ, ಮಡಿಚಿ, ಮತ್ತೆ ಸುತ್ತಿ ಇಟ್ಟಿದ್ದೆವು. ಮಡಿಸುವಾಗ ಮಣ್ಣಾಗದ ಹಾಗೆ ನೋಡಿಕೊಂಡವನು ನಾನೇ. ಅವುಗಳನ್ನು ಕೊಡುವ ಹಾಗಿರಲಿಲ್ಲ, ಯಾಕೆಂದರೆ ಪೂರ್ವದ ಬದಿಯ ಬಲೆ ಪೂರ್ವದ ಬದಿಯವರೇ ತರಬೇಕು ಎಂದು ಕರಾರಿನಲ್ಲಿ ಬರೆದಿತ್ತು. ಒಮ್ಮೆ ಕೊಟ್ಟರೆ ಎಲ್ಲ ಬದಿಯವರೂ ಕೇಳುತ್ತಾರೆ ಎಂದು ನನ್ನ ಮೇಲಧಿಕಾರಿ ಹೇಳಿದ್ದರು. ಕೇಳಿದರೆ ಏನಾಗುತ್ತಿತ್ತು? ನಾಲ್ಕೂ ಬದಿಯಲ್ಲಿ ಜನ ಬದುಕುತ್ತಿದ್ದರು. ಈ ಉತ್ತರ ಆಗ ನನಗೆ ಹೊಳೆಯಲಿಲ್ಲ.

"ಅದು ನಮ್ಮ ಕೈಯಲ್ಲಿಲ್ಲ ಅಕ್ಕ," ಎಂದೆ.

ಅವಳು ಬೋರ್ಡಿನ ಕಡೆ ಕೈ ತೋರಿಸಿ, "ಅದ್ರಲ್ಲೇನು ಬರೆದಿದೆ ಸರ್? ನನಗೆ ಓದೋಕೆ ಬರಲ್ಲ," ಎಂದಳು. ನಾನು ಓದಿ ಹೇಳಿದೆ. ಅವಳು ಬೋರ್ಡನ್ನೂ ನೋಡಿದಳು, ನನ್ನನ್ನೂ ನೋಡಿದಳು, ಎದ್ದು ಹೋದಳು.

ಇನ್ನು ಉಳಿದದ್ದು ಗಂಡ. ಗೇಟಿನೆದುರು ರಸ್ತೆ ದಾಟಿದರೆ ಕೆಲಸಗಾರರ ತಗಡಿನ ಮನೆಗಳ ಸಾಲು. ಅವಳದು ಏಳನೆಯದು, ಒಂದೇ ಕೋಣೆ, ಮಧ್ಯೆ ಹಳೆಯ ಪ್ಲೈವುಡ್ ಹಲಗೆಯ ಮರೆ. ಮರೆಯ ಆಚೆ ಅತ್ತೆಯ ಚಾಪೆ, ಈಚೆ ಒಲೆ, ಡ್ರಮ್ಮು, ಮಡಿಚಿಟ್ಟ ಹಾಸಿಗೆ. ಸಂಜೆ ಅವನು ಕಾಲು ತೊಳೆದು ಬಂದು ಕೂತ ಕೂಡಲೇ ಅವಳು ಶುರುಮಾಡಿದಳಂತೆ. ಇದನ್ನು ನನಗೆ ಹೇಳಿದವನು ಮೇಸ್ತ್ರಿಯೇ, ನಗುತ್ತಾ, ಮಾರನೆಯ ದಿನ.

"ನಾನು ಹೊಲಿದಿದ್ದು ಗಟ್ಟಿ ಇಲ್ಲ. ನಾಳೆಯಿಂದ ಕೊಂಡಿ ಹಾಕ್ಕೊಳ್ರಿ."

"ಹೊಗಳಿಸ್ಕೋಬೇಕು ಅಂತ ಹೀಗಂತೀಯಾ? ಸರಿ, ನಿನ್ನಂಥ ಕೆಲಸಗಾತಿ ಇಲ್ಲ ಮಾರಾಯ್ತಿ. ಊಟ ಹಾಕು."

"ದಾರ ಸತ್ತಿದೆ ರೀ. ತಿಕ್ಕಿದ್ರೆ ಹುಡಿ ಆಗುತ್ತೆ."

"ನಿನ್ನ ಕೈ ಬಿದ್ದ ಮೇಲೆ ಸತ್ತಿದ್ದೂ ಏಳುತ್ತೆ ಬಿಡು."

ಮರೆಯ ಆಚೆಯಿಂದ ಅತ್ತೆ, "ಏನಂತೆ?" ಎಂದು ಕೇಳಿದಳು. "ನಿನ್ನ ಸೊಸೆ ತನ್ನ ಕೆಲಸವನ್ನ ತಾನೇ ತೆಗಳ್ತಿದಾಳೆ ಕಣವ್ವ," ಎಂದ ಮೇಸ್ತ್ರಿ. "ಹನ್ನೊಂದು ವರ್ಷ ಆದ ಮೇಲೆ ಜ್ಞಾನೋದಯ ಆಯ್ತಾ? ಅಡುಗೆ ವಿಷಯದಲ್ಲೂ ಆಗ್ಲಿ," ಎಂದಳು ಅತ್ತೆ. ಗಂಡ ಬಿದ್ದು ಬಿದ್ದು ನಕ್ಕ. ಗಂಟಕ್ಕ ತಟ್ಟೆಯನ್ನು ಅವನ ಮುಂದೆ ಎತ್ತಿ ಕುಕ್ಕಿ, ರಸ್ತೆಗೆ ಬಂದು ನಿಂತಳಂತೆ.

ಬಾಯಿ ಮಾತು ಸಾಲದು ಎಂದು ಅವಳು ಬಣ್ಣ ಬದಲಿಸಿದಳು. ಕಂಬ ಸೀಳಿದ ಜಾಗಕ್ಕೂ, ಹಿಂದೆ ಹೊಲಿದ ಎಲ್ಲ ತೂತುಗಳ ಮೇಲೂ ಕೆಂಪು ದಾರ ಹಾಕಿ ಮತ್ತೆ ಹೊಲಿದಳು. ಮೇಲೆ ನಿಂತವನಿಗೆ ಬಲೆಯಲ್ಲಿ ಎಷ್ಟು ತೂತಿದೆ ಎಂದು ಕಣ್ಣಿಗೆ ಹೊಡೆಯಲಿ ಎಂಬುದು ಅವಳ ಯೋಚನೆ. ಮೂರು ದಿನ ಕೂತಳು. ಬಲೆ ಮೇಲೇರಿದಾಗ ಅದರಲ್ಲಿ ಹಸಿರಿಗಿಂತ ಕೆಂಪೇ ಹೆಚ್ಚು. ತಂಡದವರು ಅಂಚಿನಿಂದ ಬಗ್ಗಿ ನೋಡಿ ಖುಷಿಪಟ್ಟರು. "ಅಕ್ಕ ಹೊಸ ದಾರದಲ್ಲಿ ಡಬಲ್ ಹೊಲಿಗೆ ಹಾಕಿದಾಳೆ ಕಣ್ರೋ! ಕೆಂಪು ಇರೋ ಕಡೆ ಆನೆ ಬಿದ್ರೂ ತಡೆಯುತ್ತೆ." ಕೆಂಪು ಇರುವ ಜಾಗದ ಮೇಲೆಯೇ ನಿಂತು ಕೆಲಸ ಮಾಡಲು ಪೈಪೋಟಿಗೆ ಬಿದ್ದರು. ಇದನ್ನು ಕೇಳಿದಾಗ ಅವಳ ಮುಖ ನೋಡಲಾಗಲಿಲ್ಲ. ಅವಳು ಹಾಕಿದ ಒಂದೊಂದು ಎಚ್ಚರಿಕೆಯನ್ನೂ ಈ ಜನ ಹಾರ ಮಾಡಿ ಅವಳ ಕೊರಳಿಗೇ ಹಾಕುತ್ತಿದ್ದರು.

"ಸರ್, ಮೂಟೆ ಹಾಕಿ ತೋರಿಸ್ತೀನಿ," ಎಂದು ಬಂದಳು. "ಊಟದ ಹೊತ್ತಲ್ಲಿ. ನೀವು ಕೆಳಗೆ ಜನ ಬರದ ಹಾಗೆ ಹಗ್ಗ ಕಟ್ಟಿಸಿ. ಅಷ್ಟಾದ್ರೂ ನಿಮ್ಮ ಕೈಯಲ್ಲಿದೆಯಾ?"

ಇತ್ತು. ಕಟ್ಟಿಸಿದೆ. ಹಿಂದಿನ ದಿನ ಅವಳು ಯಾವುದೋ ನೆಪ ಹೇಳಿ ಗಂಡನನ್ನು ಸ್ಟೋರಿನ ತಕ್ಕಡಿಯ ಮೇಲೆ ನಿಲ್ಲಿಸಿದ್ದಳು. ಅರವತ್ತಮೂರು ಕೆಜಿ. ಅಷ್ಟೇ ತೂಕದ ಮರಳನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ತಂಡದವರ ಕೈಯಲ್ಲೇ ಒಂಬತ್ತನೇ ಮಹಡಿಗೆ ಹೊರಿಸಿದಳು. ಕೆಂಪು ಹೊಲಿಗೆ ದಟ್ಟವಾಗಿದ್ದ ಜಾಗವನ್ನು ಅವರೇ ಆರಿಸಿ, ಅವರೇ ತಳ್ಳಿದರು. ಮೂಟೆ ಬಲೆಗೆ ಬಿತ್ತು. ಬಲೆ ಒಮ್ಮೆ ಜಗ್ಗಿತು, ಬಟ್ಟೆ ಹರಿದಂಥ ಉದ್ದನೆಯ ಸದ್ದು ಬಂತು, ಮೂಟೆ ಕೆಳಗಿಳಿಯಿತು. ನೆಲಕ್ಕೆ ಬಡಿದು ಒಡೆದು ಮರಳು ನಾಲ್ಕು ಮಾರು ಚೆಲ್ಲಿತು. ಅರವತ್ತಮೂರು ಕೆಜಿ ಎಂದರೆ ಯಾರೆಂದು ನನಗೆ ಗೊತ್ತಿತ್ತು.

ತಂಡದವರು ಏಳನೇ ಮಹಡಿಗೆ ಓಡಿ, ಹರಿದ ಬಲೆಯನ್ನು ಬಿಚ್ಚಿ, ಕೆಳಗೆ ಗಂಟಕ್ಕನೂ ನಾನೂ ನಿಂತಿದ್ದಲ್ಲಿಗೆ ತಂದು ಎಳೆದು ನೋಡಿದರು. ಒಬ್ಬ ಕೂಗಿದ. "ಮೇಸ್ತ್ರಿ, ಇಲ್ಲಿ ನೋಡಿ! ಅಕ್ಕನ ಗಂಟು ಒಂದೂ ಬಿಚ್ಚಿಲ್ಲ!" ನಿಜ, ಒಂದೂ ಬಿಚ್ಚಿರಲಿಲ್ಲ. ಗಂಟುಗಳ ಸುತ್ತ ಹುರಿ ತುಂಡಾಗಿತ್ತು, ಗಂಟುಗಳು ಹಾಗೇ ಇದ್ದವು. ಮೇಸ್ತ್ರಿ ಒಂದು ಕೆಂಪು ಗಂಟನ್ನು ಹಲ್ಲಲ್ಲಿ ಕಚ್ಚಿ ಎಳೆದು, "ಅಲುಗಾಡಲ್ಲ ಕಣ್ರೋ," ಎಂದ. ಇಬ್ಬರು ಚಪ್ಪಾಳೆ ತಟ್ಟಿದರು. ಚಪ್ಪಾಳೆ! ಅವರ ಸಾವು ಅವರೆದುರಿಗೇ ನೆಲಕ್ಕೆ ಬಿದ್ದು ಒಡೆದಿತ್ತು, ಇವರು ಗಂಟು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಗಂಟಕ್ಕ ಆ ಬಲೆಯನ್ನು ಕಿತ್ತುಕೊಂಡು ಅವರ ಮುಖದ ಮೇಲೆ ಎಸೆದಳು. "ಕುರುಡು ಮುಂಡೇವಾ! ಗಂಟು ತಗೊಂಡು ಏನು ನಾಲಿಗೆ ಮೇಲೆ ಇಟ್ಕೋತೀರಾ? ಬಲೆ ಎಲ್ಲಿ? ಬಲೆ ಎಲ್ಲಿ ಇದೆ ತೋರಿಸಿ!" ಅಷ್ಟು ಜೋರಾಗಿ ಅವಳು ಕಿರುಚಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಅವರು ನಾಚಿಕೊಂಡು ಚದುರಿದರು. ಅರ್ಥವಾಗಿದೆ ಎಂದು ನಾನು ನಂಬಿದೆ. ಮಾರನೆಯ ದಿನವೇ ನೋಡೋಣಪ್ಪ ಬೇರೊಂದು ಕಟ್ಟಡದಿಂದ ಇನ್ನೊಂದು ಬಲೆ ತರಿಸಿ ಕಟ್ಟಿಸಿದ. ಅದೂ ಹಳೆಯದೇ, ಅದನ್ನೂ ನಾಲ್ಕು ವರ್ಷದ ಹಿಂದೆ ಗಂಟಕ್ಕನೇ ಹೊಲಿದದ್ದು, ಆದರೆ ಹಸಿರು ದಾರದಲ್ಲಿ. ತೂತು ಕಾಣುತ್ತಿರಲಿಲ್ಲ. ಹೊಲಿಯಲು ಹೇಳಿದರೆ ಅವಳು ಒಪ್ಪುವುದಿಲ್ಲ ಎಂದು ಗೊತ್ತಿದ್ದೇ ಹಾಗೆ ಮಾಡಿದ್ದ. "ಇದನ್ನ ಮೂಟೆ ಹರಿದಿಲ್ಲವಲ್ಲ," ಎಂದು ತಂಡದವರಿಗೆ ಹೇಳಿದ. ಅವರು ಒಪ್ಪಿದರು. ಇದೂ ಅಕ್ಕನದೇ ಕೈ, ಮೇಲಾಗಿ ಹೊಡೆತ ತಿನ್ನದ ಬಲೆ, ಇನ್ನೇನು ಬೇಕು?

ಬಾಲ್ಕನಿ ಕೆಲಸ ಶುರುವಾಗುವ ಬೆಳಗ್ಗೆ ಅನುಮತಿ ಚೀಟಿಗೆ ನನ್ನ ಸಹಿ ಬೇಕು ಎಂದು ನೋಡೋಣಪ್ಪ ನನ್ನನ್ನು ಒಂಬತ್ತನೇ ಮಹಡಿಗೆ ಕರೆಸಿದ್ದ. ಅಂಚಿನ ತಡೆಕಂಬಿಗಳನ್ನು ಬಿಚ್ಚಿ ಆಗಿತ್ತು. ಹನ್ನೊಂದು ಜನ ಹಲಗೆಗಳ ಪಕ್ಕ ನಿಂತಿದ್ದರು. ಕೊಂಡಿ ಸಿಕ್ಕಿಸಲು ಎಳೆದಿದ್ದ ಹಗ್ಗ ಖಾಲಿಯಾಗಿ ನೇತಾಡುತ್ತಿತ್ತು. ಆಗ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಸೊಂಟ ಹೋದ ಹೆಂಗಸು ಒಂಬತ್ತು ಮಹಡಿ ಹತ್ತಿ ಬಂದಿದ್ದಳು. ಯಾರನ್ನೂ ಮಾತಾಡಿಸಲಿಲ್ಲ. ನೇರ ಅಂಚಿಗೆ ನಡೆದು, ಕಂಬದಿಂದ ಹೊರಬಂದಿದ್ದ ಸರಳೊಂದನ್ನು ಒಂದು ಕೈಯಲ್ಲಿ ಹಿಡಿದು, ನಮ್ಮ ಕಡೆ ಮುಖ ಮಾಡಿ ನಿಂತಳು. ಬೆನ್ನ ಹಿಂದೆ ಬಯಲು.

"ಏ, ಈಚೆ ಬಾ!" ಎಂದ ಮೇಸ್ತ್ರಿ.

"ಕೆಳಗಿರೋ ಬಲೆ ಯಾರು ಹೊಲಿದಿದ್ದು ರೀ?"

"ನೀನೇ. ಈಗ ಈಚೆ ಬಾ."

"ಗಟ್ಟಿ ಇದೆಯಾ?"

"ಇದೆ ಮಾರಾಯ್ತಿ, ಗಟ್ಟಿ ಇದೆ."

"ಹಾಗಾದ್ರೆ ಹಾರ್ತೀನಿ. ಹಾರು ಅನ್ನಿ."

ಮೇಸ್ತ್ರಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. "ಹುಡುಗಾಟ ಆಡ್ಬೇಡ ಕಣೇ."

"ಹುಡುಗಾಟ ದಿನಾ ನೀವಾಡ್ತಿರೋದು. ನನ್ನ ಮಡಿಲು ಅಂತ ಹೇಳ್ಕೊಂಡು ತಿರುಗ್ತೀರಲ್ಲ, ನನ್ನ ಮಡಿಲಿಗೆ ನಾನೇ ಬೀಳ್ತೀನಿ. ನಿಮ್ಮ ತೂಕಕ್ಕಿಂತ ಹತ್ತು ಕೆಜಿ ಕಮ್ಮಿನೇ ಇದೀನಿ. ಅನ್ನಿ, ಹಾರು ಅಂತ ಅನ್ನಿ!"

ಅವನು ಅನ್ನಲಿಲ್ಲ. ಅವಳು ಉಳಿದವರ ಕಡೆ ತಿರುಗಿದಳು. "ನೀನು ಅನ್ನಪ್ಪ. ಆನೆ ಬಿದ್ರೂ ತಡೆಯುತ್ತೆ ಅಂದೋನು ನೀನೇ ಅಲ್ವಾ? ನೀನು? ಚಪ್ಪಾಳೆ ತಟ್ಟಿದೋರು ಯಾರು, ಮುಂದೆ ಬನ್ನಿ." ಒಬ್ಬೊಬ್ಬರನ್ನೂ ಕೇಳಿದಳು. ಒಬ್ಬೊಬ್ಬರೂ ತಲೆ ತಗ್ಗಿಸಿದರು. ನೋಡೋಣಪ್ಪ ಹಿಂದೆ ಸರಿದು ಮೆಟ್ಟಿಲ ಬಾಗಿಲಿಗೆ ಹೋಗಿದ್ದ. ಕೊನೆಗೆ ನನ್ನ ಸರದಿ ಬಂತು.

"ಸರ್, ನೀವು ಓದಿದೋರು. ಸುಸ್ಥಿತಿ ಅಂತ ಸಹಿ ಹಾಕ್ತೀರಂತಲ್ಲ. ನೀವು ಹೇಳಿದ್ರೂ ಸಾಕು, ಹಾರ್ತೀನಿ."

ನನ್ನ ಕೈಯಲ್ಲಿ ಚೀಟಿ, ಜೇಬಲ್ಲಿ ಪೆನ್ನು. ಹನ್ನೊಂದು ಜನರನ್ನು ಆ ಬಲೆಯ ಮೇಲೆ ಕಳಿಸಲು ಒಂದು ನಿಮಿಷದ ಹಿಂದೆ ನಾನು ಸಿದ್ಧನಾಗಿದ್ದೆ. ಒಬ್ಬಳಿಗೆ ಹಾರು ಎನ್ನಲು ನಾಲಿಗೆ ಹೊರಳಲಿಲ್ಲ. "ಬೇಡ ಅಕ್ಕ," ಎಂದೆ, "ಅದು ಹಿಡಿಯಲ್ಲ." ಎಲ್ಲರಿಗೂ ಕೇಳಿಸಿತು.

ಮೇಸ್ತ್ರಿ ಅವಳ ಕಡೆ ಹೆಜ್ಜೆ ಇಟ್ಟ. ಅಂಚು ನಾಲ್ಕು ಅಡಿ ದೂರವಿದೆ ಎನ್ನುವಾಗ ನಿಂತ. ಕೆಳಗೆ ಬಲೆಯ ಕಡೆ ನೋಡಿದ. ಆಮೇಲೆ, ಯಾರೂ ಹೇಳದೆ, ತನ್ನ ಬೆಲ್ಟಿನ ಕೊಂಡಿಯನ್ನು ತೆಗೆದು ಹಗ್ಗಕ್ಕೆ ಸಿಕ್ಕಿಸಿದ. ಸಿಕ್ಕಿಸಿ ಒಮ್ಮೆ ಎಳೆದು ನೋಡಿದ. ಆಮೇಲಷ್ಟೇ ಹೆಂಡತಿಯ ಕೈ ಹಿಡಿಯಲು ಮುಂದೆ ಹೋದ.

"ನೋಡಿದ್ರಾ?" ಎಂದಳು ಗಂಟಕ್ಕ. ಕಣ್ಣಲ್ಲಿ ನೀರು ಧಾರಾಕಾರ, ಬಾಯಲ್ಲಿ ಬೆಂಕಿ. "ಎಲ್ಲರೂ ನೋಡಿದ್ರಾ? ನನ್ನ ಹಿಡಿಯೋಕೆ ಕೊಂಡಿ ಬೇಕು. ಮೊಳೆ ಹೊಡಿಯೋಕೆ ಬೇಡವಾ? ನಿಮಗೇ ಗೊತ್ತಿತ್ತಲ್ರೀ, ಇಷ್ಟು ದಿನ ಗೊತ್ತಿತ್ತಲ್ರೀ!" ಈಚೆ ಎಳೆದುಕೊಂಡ ಗಂಡನ ಎದೆಗೆ ಎರಡೂ ಮುಷ್ಟಿಗಳಿಂದ ಗುದ್ದಿದಳು. ಅವನು ಗುದ್ದಿಸಿಕೊಂಡು ನಿಂತ.

ತಂಡದವರು ಯಾರೂ ಹಲಗೆಯ ಮೇಲೆ ಕಾಲಿಡಲಿಲ್ಲ. ನಾನು ಚೀಟಿ ಹರಿದು, ಕೆಳಗಿಳಿದು, ಯಾರನ್ನೂ ಕೇಳದೆ ಸ್ಟೋರಿನ ಚೀಟಿಯ ಮೇಲೆ ಸಹಿ ಹಾಕಿದೆ. ಹದಿನಾಲ್ಕು ಕಟ್ಟು ಹೊಸ ಬಲೆ ಎರಡು ಗಂಟೆಯೊಳಗೆ ಪೂರ್ವದ ಬದಿಗೆ ಏರಿತು. ಹನ್ನೊಂದು ವರ್ಷ ಬಾರದ್ದು ಎರಡು ಗಂಟೆಯಲ್ಲಿ ಬಂತು. ಸ್ಟೋರಿನಿಂದ ಅಲ್ಲಿಗೆ ನಲವತ್ತು ಹೆಜ್ಜೆ.

ಮುಂದಿನ ವಾರ ನೋಡೋಣಪ್ಪ ಅವಳ ಗೇಟ್ ಪಾಸ್ ವಾಪಸ್ ಕೇಳಿದ. "ಹರಿದ ಬಲೆನೇ ಇಲ್ಲ ಅಂದ ಮೇಲೆ ನಿನಗೇನು ಕೆಲಸಮ್ಮ ಇಲ್ಲಿ?" ಮೊದಲ ಸಲ ಅವನು ನೋಡೋಣ ಎನ್ನದೆ ನಿಂತಲ್ಲೇ ತೀರ್ಮಾನ ಮಾಡಿದ್ದ. ನನ್ನ ಕಂಪನಿ ಆ ಬೆಳಗಿನ ಘಟನೆಯನ್ನು 'ಅನುಮತಿಯಿಲ್ಲದ ಮಹಿಳೆಯಿಂದ ಅಶಿಸ್ತು' ಎಂದು ದಾಖಲಿಸಿ, ನನಗೊಂದು ಎಚ್ಚರಿಕೆಯ ಪತ್ರ ಕೊಟ್ಟಿತು. ಅದೇ ತಿಂಗಳು ಹೊಸ ಬಲೆಯ ದೊಡ್ಡ ಫೋಟೋ ತೆಗೆಸಿ, 'ನಮ್ಮ ಸುರಕ್ಷತಾ ಸಂಸ್ಕೃತಿ' ಎಂಬ ಅಕ್ಷರಗಳ ಕೆಳಗೆ ಮುಖ್ಯ ಕಚೇರಿಯ ಗೋಡೆಗೆ ಹಾಕಿತು. ಆ ಫೋಟೋದಲ್ಲಿ ಬಲೆಯ ಮುಂದೆ ನಗುತ್ತಾ ನಿಂತ ದೊಡ್ಡವರನ್ನು ನೆನೆಸಿಕೊಂಡರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಅವಳ ಪಾಸ್ ಉಳಿಸಲು ನಾನು ಎರಡು ಅರ್ಜಿ ಬರೆದೆ, ಉತ್ತರ ಬರಲಿಲ್ಲ. ಮೂರನೆಯದನ್ನು ಬರೆಯಲಿಲ್ಲ, ಅದು ನನ್ನ ತಪ್ಪು.

ಒಂದೂವರೆ ತಿಂಗಳ ಮೇಲೆ ಒಂದು ಮಧ್ಯಾಹ್ನ ಮೇಸ್ತ್ರಿ ಬಿದ್ದ. ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಹಲಗೆ ಜಾರಿ, ಬಲೆಯನ್ನು ಏರಿಸಿ ಕಟ್ಟಿದ್ದ ಒಂಬತ್ತನೇ ಮಹಡಿಗೆ. ಬಲೆ ಆಳಕ್ಕೆ ಜಗ್ಗಿ ಅವನನ್ನು ಹಿಡಿದುಕೊಂಡಿತು. ಹತ್ತು ಜನ ಸೇರಿ ಎಳೆದುಕೊಂಡರು. ಮೊಣಕೈ ತರಚಿತ್ತು, ಅಷ್ಟೇ. ಸುದ್ದಿ ನನಗಿಂತ ಮೊದಲು ರಸ್ತೆ ದಾಟಿತ್ತು. ನಾನು ಅವನನ್ನು ಡಾಕ್ಟರ ಬಳಿಗೆ ಕರೆದೊಯ್ಯಲೆಂದು ಗೇಟಿಗೆ ಬಂದಾಗ ಗಂಟಕ್ಕ ಹೊರಗೆ ಕಾವಲುಗಾರನ ಜೊತೆ ಜಗಳಕ್ಕೆ ನಿಂತಿದ್ದಳು. ಗಂಡ ನಡೆದುಕೊಂಡೇ ಬರುವುದನ್ನು ಕಂಡು ಜಗಳ ಬಿಟ್ಟು ಗೇಟಿನ ಕಂಬಿ ಹಿಡಿದುಕೊಂಡಳು.

ಅವನು ನಗುತ್ತಿದ್ದ. "ಏನೂ ಆಗಿಲ್ಲ ಕಣೇ. ನೀನು ತರಿಸಿದ ಬಲೆ, ತೊಟ್ಟಿಲಿನ ಥರ ಹಿಡೀತು."

ಅವಳು ಅವನ ತಲೆ, ಭುಜ, ಪಕ್ಕೆಲುಬು, ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದಳು. ಸೊಂಟದ ಬೆಲ್ಟಿಗೆ ಬಂದಾಗ ಕೈ ನಿಂತಿತು. ಕೊಂಡಿ ಬೆಲ್ಟಿನ ಉಂಗುರಕ್ಕೇ ನೀಟಾಗಿ ಸಿಕ್ಕಿಕೊಂಡಿತ್ತು.

"ಕೊಂಡಿ ಹಾಕಿರ್ಲಿಲ್ವಾ?"

"ಅಲ್ಲ ಕಣೇ, ಬಲೆ ಹೊಸದಲ್ವಾ ಅಂತ..."

ಹೊಡೆದಳು. ಗೇಟಿನವನು, ನಾನು, ಹಿಂದೆ ಬರುತ್ತಿದ್ದ ಹತ್ತು ಜನ, ರಸ್ತೆಯಲ್ಲಿ ಹೋಗುವವರು, ಎಲ್ಲರೆದುರಿಗೆ ಗಂಡನ ಕೆನ್ನೆಗೆ ಫಟಾರನೆ ಹೊಡೆದಳು. ಹೊಡೆದ ಕೈಯಲ್ಲೇ ಅವನ ಕೆನ್ನೆ ಸವರಿ ಗೋಳೋ ಎಂದು ಅತ್ತಳು. ಆಮೇಲೆ ನನ್ನ ಕಡೆ ತಿರುಗಿ, "ಸರ್, ಇವರನ್ನ ಮೇಲಕ್ಕೆ ಬಿಡ್ಬೇಡಿ. ನಾನು ಹೇಳ್ತಿದೀನಿ, ಬಿಡ್ಬೇಡಿ," ಎಂದಳು.

ನಾನು ಅಲ್ಲೇ ಅವನ ಕೊರಳಿನಿಂದ ಪಾಸ್ ಬಿಚ್ಚಿಕೊಂಡೆ. ಎಂಟು ದಿನ ಕೊಡಲಿಲ್ಲ. ಆ ಎಂಟು ದಿನವೂ ಮೇಸ್ತ್ರಿ ತಗಡಿನ ಮನೆಯ ಹೊಸ್ತಿಲ ಮೇಲೆ ಕ್ಯಾಕರಿಸುತ್ತಾ ಕೂತು, ನಾನು ರಸ್ತೆಯಲ್ಲಿ ಕಂಡಾಗಲೆಲ್ಲ ಕೇಳಿಸುವ ಹಾಗೆ ಬೈದ. ನನ್ನ ಬಿಳಿ ಹೆಲ್ಮೆಟನ್ನೂ ಬಿಡಲಿಲ್ಲ, ನನ್ನ ವಂಶವನ್ನೂ ಬಿಡಲಿಲ್ಲ. ಒಳಗಿನಿಂದ ಗಂಟಕ್ಕ, "ಇನ್ನೂ ಜೋರಾಗಿ ಬೈರಿ, ಸರ್‌ಗೆ ಸರಿಯಾಗಿ ಕೇಳಿಸ್ಲಿಲ್ಲ," ಎನ್ನುತ್ತಿದ್ದಳು. ನಾನು ನಿಧಾನವಾಗಿ ನಡೆದು ಪೂರ್ತಿ ಕೇಳಿಸಿಕೊಂಡು ಹೋಗುತ್ತಿದ್ದೆ. ಬೈಯಲಿ. ಬೈಯಲು ಬದುಕಿದ್ದಾನಲ್ಲ.